ಉಣ್ಣೆ, ಉಲ್ಲನ್ ಮತ್ತೆ ಬಿನ್ನಿ ಮಿಲ್ಲು

ಜಯನಗರದಲ್ಲಿರೋ ನಮ್ಮ ದೊಡ್ಡಮ್ಮನ ಮನೆ ಹಾಲ್‌ನಲ್ಲಿ, ವೆಂಕಟರಮಣನ ಫೋಟೋ ಪಕ್ಕದಲ್ಲೇ, ಫ್ರೇಮ್ ಹಾಕಿಸಿದ ಒಂದು ಪ್ರಮಾಣಪತ್ರ ಇದೆ. 2016ರ ಜನವರಿ 31ರಂದು ಚೆನ್ನೈನಲ್ಲಿ ‘ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್’ ಅನ್ನೋ ಹೆಂಗಸರ ಗುಂಪು ಜಗತ್ತಿನ ಅತಿ ದೊಡ್ಡ ಕ್ರೋಶಾ ಹೊದಿಕೆ ಜೋಡಿಸಿ ಗಿನ್ನೆಸ್ ದಾಖಲೆ ಮಾಡಿತು. 11,148.5 ಚದರ ಮೀಟರ್. ಅಂದ್ರೆ ಎರಡೂಮುಕ್ಕಾಲು ಎಕರೆ! ದೇಶ ವಿದೇಶದ ನೂರಾರು ಹೆಂಗಸರು ಅವರವರ ಮನೇಲಿ ಕೂತು ಹೆಣೆದ ಚೌಕಗಳನ್ನ ಒಂದಕ್ಕೊಂದು ಸೇರಿಸಿದ್ದು. ಅದರಲ್ಲಿ ಕೆಲವು ಚೌಕ ನಮ್ಮ ದೊಡ್ಡಮ್ಮಂದು. ನಲವತ್ತು ವರ್ಷ ಮನೆಮಂದಿಗೆಲ್ಲ ಸ್ವೆಟರ್, ಟೋಪಿ, ಕುಲಾವಿ ಹಾಕಿಕೊಟ್ಟರೂ ‘ಟೈಂಪಾಸು’ ಅಂತಿದ್ದ ದೊಡ್ಡಪ್ಪ, ಆ ಕಾಗದ ಬಂದ ಮೇಲೆ ಮನೆಗೆ ಬಂದವರಿಗೆಲ್ಲ ತಾವೇ ತೋರಿಸೋಕೆ ಶುರು ಮಾಡಿದರು :)

ಕಳೆದ ತಿಂಗಳು ದೊಡ್ಡಮ್ಮ ಒಂದು ಬೇಡಿಕೆ ಇಟ್ಟರು. “ಇಷ್ಟು ವರ್ಷ ಉಲ್ಲನ್ ಹಿಡ್ಕೊಂಡು ಕೂತಿದೀನಿ, ಉಲ್ಲನ್ ಮಿಲ್ಲು ಹೇಗಿರತ್ತೆ ಅಂತ ನೋಡೇ ಇಲ್ಲ ಕಣೋ. ಬಿನ್ನಿ ಮಿಲ್ಲು ಮುಚ್ಚಿರೋದು ಗೊತ್ತು. ಜಾಗನಾದ್ರೂ ತೋರಿಸು.” ಹೋಗೋಕೆ ಮುಂಚೆ ಸ್ವಲ್ಪ ಓದ್ಕೊಳ್ಳೋಣ ಅಂತ ಕೂತೆ. ಓದ್ತಾ ಓದ್ತಾ ಮಿಲ್ಲಿಗಿಂತ ಮಿಲ್ಲಿನ ಹಿಂದಿನ ಕತೆಯೇ ದೊಡ್ಡದು ಅನ್ನಿಸ್ತು. ಅದನ್ನೇ ಇಲ್ಲಿ ಬರೀತಿದೀನಿ.

ಮೊದಲು ಪದದಿಂದಲೇ ಶುರು ಮಾಡೋಣ. ನಮ್ಮ ಮನೆಗಳಲ್ಲಿ ‘ಉಣ್ಣೆ’ ಬೇರೆ, ‘ಉಲ್ಲನ್’ ಬೇರೆ. ಉಣ್ಣೆ ಕುರೀದು, ಉಲ್ಲನ್ ಅಂಗಡೀದು. ತಮಾಷೆ ಅಂದ್ರೆ ಎರಡೂ ಒಂದೇ ಬೇರಿನ ಪದಗಳು. ಸಂಸ್ಕೃತದ ‘ಊರ್ಣ’ ಪ್ರಾಕೃತದ ಮೂಲಕ ಕನ್ನಡಕ್ಕೆ ಬಂದು ‘ಉಣ್ಣೆ’ ಆಯ್ತು. ಅದೇ ಹಳೇ ಬೇರಿನಿಂದ ಯುರೋಪಿನ ಕಡೆ ಹೋದ ಪದ ಇಂಗ್ಲಿಷಿನಲ್ಲಿ ‘ವೂಲ್’ ಆಗಿ, ‘ವೂಲನ್’ ಆಗಿ, ಹಡಗು ಹತ್ತಿ ಬಂದು ಜಯನಗರದ ಕಾಂಪ್ಲೆಕ್ಸಿನಲ್ಲಿ ‘ಉಲ್ಲನ್’ ಆಗಿ ಕೂತಿದೆ. ಆದರೆ ಪದ ವಾಪಸ್ ಬರೋ ಹೊತ್ತಿಗೆ ಒಳಗಿನ ವಸ್ತು ಬದಲಾಗಿತ್ತು. ದೊಡ್ಡಮ್ಮನ ಚೀಲದಲ್ಲಿದ್ದ ಉಂಡೆಗಳ ಮೇಲಿನ ಚೀಟಿ ಓದಿದೆ: ನೂರಕ್ಕೆ ನೂರು ಅಕ್ರಿಲಿಕ್. ಅಂದ್ರೆ ಪೆಟ್ರೋಲಿಯಂನಿಂದ ತೆಗೆದದ್ದು. ಅಮೆರಿಕದ ಡುಪಾಂಟ್ ಕಂಪನಿ 1950ರಲ್ಲಿ ‘ಆರ್ಲಾನ್’ ಹೆಸರಲ್ಲಿ ಇದನ್ನ ಮಾರುಕಟ್ಟೆಗೆ ಬಿಟ್ಟಿತು. ತೊಳೆದರೆ ಕುಗ್ಗಲ್ಲ, ನುಸಿ ಹಿಡಿಯಲ್ಲ, ಅಗ್ಗ. ಕೆಟ್ಟದ್ದು ಅಂತ ನಾನೇನೂ ಹೇಳ್ತಿಲ್ಲ. ಆದರೆ ಅದರಲ್ಲಿ ಕುರಿ ಇಲ್ಲ.

ಹಾಗಾದ್ರೆ ಕುರಿಯ ಉಣ್ಣೆ ಎಲ್ಲಿ ಹೋಯ್ತು?

ನಮ್ಮ ನಾಡಿನ ಉಣ್ಣೆ ಕಸುಬು ಅಂದ್ರೆ ಕಂಬಳಿ. ಚಿತ್ರದುರ್ಗ, ತುಮಕೂರು, ಹಾವೇರಿ, ಬೆಳಗಾವಿ, ಮಳೆ ಕಮ್ಮಿ ಇರೋ ಬಯಲುಸೀಮೆ ಉದ್ದಕ್ಕೂ ಕುರುಬರು ದಖನಿ ತಳಿಯ ಕುರಿ ಸಾಕಿ, ಅದರ ಉಣ್ಣೆಯಿಂದ ಕಂಬಳಿ ನೇಯ್ತಾ ಬಂದವರು. ವರ್ಷಕ್ಕೆ ಎರಡು ಸಲ ಕುರಿಯನ್ನ ಕೆರೆಯಲ್ಲೋ ಹಳ್ಳದಲ್ಲೋ ಮೈತೊಳೆದು, ಕತ್ತರಿಯಿಂದ ಉಣ್ಣೆ ಕತ್ತರಿಸ್ತಾರೆ. ಒಂದು ದಖನಿ ಕುರಿಯಿಂದ ವರ್ಷವಿಡೀ ಸಿಗೋದು ಹೆಚ್ಚು ಕಮ್ಮಿ ಒಂದು ಕಿಲೋ. (ಆಸ್ಟ್ರೇಲಿಯಾದ ಮೆರಿನೋ ಕುರಿ ನಾಲ್ಕೈದು ಕಿಲೋ ಕೊಡತ್ತೆ.) ಆಮೇಲೆ ಬಿಲ್ಲಿನಿಂದ ಹಿಂಜಬೇಕು, ಮನೆಯ ಹೆಂಗಸರು ರಾಟೆಯಲ್ಲಿ ನೂಲಬೇಕು, ಹಾಸು ಹೂಡಿ ಅದಕ್ಕೆ ಹುಣಸೆ ಬೀಜದ ಸರಿ ಹಚ್ಚಬೇಕು. ಬೀಜವನ್ನ ಹುರಿದು, ಸಿಪ್ಪೆ ತೆಗೆದು, ಅರೆದು, ಕುದಿಸಿ ಮಾಡಿದ ಗೋಂದು ಅದು. ಕಂಬಳಿಗೆ ಆ ಬಿರುಸು ಬರೋದು, ಮಳೆ ನೀರು ಬೇಗ ಒಳಗಿಳಿಯದೇ ಇರೋದು ಅರ್ಧ ಇದರಿಂದ, ಇನ್ನರ್ಧ ಉಣ್ಣೆಯಲ್ಲೇ ಉಳಿದ ಕುರಿಯ ಜಿಡ್ಡಿನಿಂದ. ಇಷ್ಟೆಲ್ಲ ಆದ ಮೇಲೆ ಗುಂಡಿ ಮಗ್ಗದಲ್ಲಿ ನೇಯ್ಗೆ. ಬಣ್ಣ ಹಾಕೋದೇ ಬೇಡ, ಕರಿ ಕುರಿಗೆ ಕರಿ ಕಂಬಳಿ.

ಒಂದು ಕಂಬಳಿಯಲ್ಲಿ ನೇಯೋ ಕೆಲಸ ಎಲ್ಲಕ್ಕಿಂತ ಕೊನೇದು, ಬೇಗ ಮುಗಿಯೋದೂ ಅದೇ. ದಿನಗಟ್ಟಲೆ ಹಿಡಿಯೋದು ನೂಲೋದು. ಆದ್ರೆ ನಾವು ‘ಕಂಬಳಿ ನೇಕಾರ’ ಅಂತೀವೇ ಹೊರತು ನೂಲಿದವಳಿಗೆ ಒಂದು ಹೆಸರೂ ಕೊಟ್ಟಿಲ್ಲ. ಪ್ರಶಸ್ತಿ, ಸಹಕಾರ ಸಂಘದ ಸದಸ್ಯತ್ವ, ಸಾಲ ಎಲ್ಲ ಮಗ್ಗದ ಲೆಕ್ಕದಲ್ಲೇ ಬರೋದು. ಮಾನ್ಯತೆ ಅನ್ನೋದು ಯಾವಾಗಲೂ ಕೊನೇ ಕೈ ಹತ್ತಿರ ಬಂದು ನಿಂತುಬಿಡತ್ತೆ. ನಮ್ಮ ಆಫೀಸಿನಲ್ಲೂ ಡೆಮೋ ಕೊಟ್ಟವನಿಗೇ ಚಪ್ಪಾಳೆ, ಇರಲಿ ಬಿಡಿ :)

1799ರಲ್ಲಿ ಟಿಪ್ಪು ಸತ್ತ ಮೇಲೆ ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯನನ್ನ ಮೈಸೂರು ಸೀಮೆ ಸುತ್ತಿ ಬಾ ಅಂತ ಕಳಿಸಿತು. 1800-01ರಲ್ಲಿ ಅವನು ಊರೂರು ತಿರುಗಿ ಬರೆದದ್ದು 1807ರಲ್ಲಿ ಮೂರು ಸಂಪುಟವಾಗಿ ಅಚ್ಚಾಯ್ತು. ಕುರುಬರು, ಕುರಿ, ಕಂಬಳಿ ಎಲ್ಲ ಅದರಲ್ಲಿವೆ. ಕಂಬಳಿ ಎಷ್ಟು ಬಳಕೆಯಲ್ಲಿತ್ತು ಅಂದ್ರೆ ಆ ಪದ ‘ಕಂಬ್ಲಿ’ ಅಂತ ಬ್ರಿಟಿಷರ ಬಾಯಿಗೆ ಹತ್ತಿ, 1886ರ ‘ಹಾಬ್ಸನ್-ಜಾಬ್ಸನ್’ ನಿಘಂಟಿಗೂ ಸೇರಿತು. ಆದರೆ ಅವರಿಗೆ ನಮ್ಮ ಉಣ್ಣೆ ಒರಟು ಅನ್ನಿಸಿತ್ತು. ಒರಟು ಅನ್ನೋದು ಸುಳ್ಳೂ ಅಲ್ಲ. ಮೆರಿನೋ ಎಳೆ ಇಪ್ಪತ್ತು ಮೈಕ್ರಾನ್ ಆಸುಪಾಸು ದಪ್ಪ ಇದ್ರೆ ದಖನಿ ಎಳೆ ಮೂವತ್ತಕ್ಕೂ ಮೇಲೆ. ನಡುವೆ ಕೂದಲಿನಂಥ ಟೊಳ್ಳು ಎಳೆಗಳು ಬೇರೆ. ‘ಕಂಬಳೀಲಿ ಊಟ ಕಟ್ಕೊಂಡು ಕೂದಲು ಬಂತು ಅಂದ್ರಂತೆ’ ಅನ್ನೋ ಗಾದೆ ಸುಮ್ನೆ ಹುಟ್ಟಿಲ್ಲ. ಹಾಗಾಗಿ ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದ ಕಾಲದಲ್ಲೇ (1834-61, ಕಬ್ಬನ್ ಪಾರ್ಕಿನ ಕಬ್ಬನ್) ಮೆರಿನೋ ಟಗರು ತರಿಸಿ ಇಲ್ಲಿನ ಕುರಿಗಳ ಜೊತೆ ತಳಿ ಬೆರೆಸೋ ಪ್ರಯತ್ನ ನಡೆಯಿತು. ಅದು ನೆಲೆ ನಿಲ್ಲಲಿಲ್ಲ. ಬಯಲುಸೀಮೆ ಬಿಸಿಲಲ್ಲಿ ದಿನಕ್ಕೆ ಹತ್ತಾರು ಮೈಲಿ ನಡೆದು ಒಣಹುಲ್ಲು ಮೇಯೋ ಶಕ್ತಿ ದಖನಿ ಕುರಿಗೇ ಸರಿ.

ಈಗ ಬಿನ್ನಿ ಮಿಲ್ಲಿಗೆ ಬರೋಣ. ಪೂರ್ತಿ ಹೆಸರು ‘ಬ್ಯಾಂಗಲೋರ್ ವೂಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್’. ಮೂರೂ ಒಂದೇ ಹೆಸರಿನಲ್ಲಿ! 1880ರ ದಶಕದಲ್ಲಿ ಅದು ಮದ್ರಾಸಿನ ಬಿನ್ನಿ ಕಂಪನಿಯ ಆಡಳಿತಕ್ಕೆ ಬಂತು. ಆ ಹೊತ್ತಿಗೆ ಮದ್ರಾಸಿನಲ್ಲಿ ಬಿನ್ನಿಯವರ ಬಕಿಂಗ್‌ಹ್ಯಾಮ್ ಮಿಲ್ಲು (1876), ಕರ್ನಾಟಿಕ್ ಮಿಲ್ಲು (1881) ಎರಡೂ ಇದ್ದವು. 1906ರಲ್ಲಿ ಮದ್ರಾಸಿನ ಅರ್ಬುತ್‌ನಾಟ್ ಬ್ಯಾಂಕು ಮುಳುಗಿ ಸಾವಿರಾರು ಜನ ಬೀದಿಗೆ ಬಂದಾಗ ಬಿನ್ನಿಯೂ ಮುಳುಗೋ ಹಂತಕ್ಕೆ ಹೋಗಿ, ಮುಂದೆ ಇಂಚ್‌ಕೇಪ್ ಲಾರ್ಡ್ ಆದ ಜೇಮ್ಸ್ ಮ್ಯಾಕೆ ಅದನ್ನ ಕೊಂಡುಕೊಂಡ. ಉತ್ತರದಲ್ಲಿ ಕಾನಪುರದ ಲಾಲ್ ಇಮ್ಲಿ (1876), ಪಂಜಾಬಿನ ಧಾರಿವಾಲ್ (1880), ದಕ್ಷಿಣದಲ್ಲಿ ಬೆಂಗಳೂರು, ಹೀಗೆ ಹರಡಿತ್ತು ಉಣ್ಣೆ ಮಿಲ್ಲುಗಳ ನಕ್ಷೆ. ಈ ಎಲ್ಲ ಮಿಲ್ಲುಗಳ ದೊಡ್ಡ ಗಿರಾಕಿ ಒಬ್ಬರೇ: ಸೈನ್ಯ. ಎರಡು ಮಹಾಯುದ್ಧಗಳು ಕಂಬಳಿಗೆ, ಯೂನಿಫಾರಂ ಬಟ್ಟೆಗೆ ತಂದ ಬೇಡಿಕೆ ಸಣ್ಣದಲ್ಲ. ಬೆಂಗಳೂರು ಹೇಗೂ ದಂಡು ಪ್ರದೇಶ ಇದ್ದ ಊರು.

ಮಿಲ್ಲಿನ ಉಣ್ಣೆ ಮನೆಯ ಉಣ್ಣೆ ಥರ ಅಲ್ಲ. ಬಿಸಿ ಸೋಪು-ಸೋಡಾ ನೀರಿನಲ್ಲಿ ತೊಳೆದು ಜಿಡ್ಡನ್ನೆಲ್ಲ ತೆಗೀತಾರೆ. ಮುಳ್ಳಿನ ಉರುಳೆಗಳ ನಡುವೆ ಹಾಯಿಸಿ ಎಳೆ ಬಿಡಿಸ್ತಾರೆ. ಆಮೇಲೆ ನೂಲು, ಬಣ್ಣ, ನೇಯ್ಗೆ. ಹದಿನೈದು ಹೆಂಗಸರು ತಿಂಗಳುಗಟ್ಟಲೆ ನೂಲೋದನ್ನ ಒಂದು ಯಂತ್ರ ಒಂದು ಪಾಳಿಯಲ್ಲಿ ಮುಗಿಸಿಬಿಡೋ ವೇಗ ಅದು (ಸಂಖ್ಯೆ ನನ್ನ ಅಂದಾಜು, ಹಿಡ್ಕೊಂಡು ಜಗಳಕ್ಕೆ ಬರಬೇಡಿ). ಕಂಬಳಿಗೆ ಒರಟು ಉಣ್ಣೆ ಆದೀತು. ನಯವಾದ ಸೂಟಿನ ಬಟ್ಟೆಗೆ, ಸ್ವೆಟರಿನ ನೂಲಿಗೆ ಮಾತ್ರ ಮೆರಿನೋನೇ ಬೇಕು. ಹಾಗಾಗಿ ದೇಶದ ಮಿಲ್ಲುಗಳ ನಯದ ಮಾಲೆಲ್ಲ ಆಸ್ಟ್ರೇಲಿಯಾ ಉಣ್ಣೆ ಮೇಲೆ ನಿಂತಿತು. ಚಳ್ಳಕೆರೆಯ ಕುರಿಗೂ ಜಯನಗರದ ಸ್ವೆಟರಿಗೂ ಸಂಬಂಧ ತಪ್ಪಿದ್ದು ಅಕ್ರಿಲಿಕ್ ಬಂದಾಗ ಅಲ್ಲ, ಅದಕ್ಕೂ ಬಹಳ ಮುಂಚೆ.

ಮಿಲ್ಲಿನ ಕೆಲಸಗಾರರ ಕತೆಯಲ್ಲಿ ‘ಮಾನ್ಯತೆ’ ಅನ್ನೋ ಪದಕ್ಕೆ ಬೇರೆಯದೇ ಅರ್ಥ. ಮದ್ರಾಸಿನ ಬಿನ್ನಿ ಮಿಲ್ಲುಗಳ ಕಾರ್ಮಿಕರು 1918ರ ಏಪ್ರಿಲ್‌ನಲ್ಲಿ ಬಿ.ಪಿ. ವಾಡಿಯಾ, ತಿರು.ವಿ.ಕ. ಅಂಥವರ ಜೊತೆ ಸೇರಿ ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದರು. ದೇಶದ ಮೊದಲ ಸಂಘಟಿತ ಕಾರ್ಮಿಕ ಸಂಘಗಳಲ್ಲಿ ಅದಕ್ಕೆ ಅಗ್ರಸ್ಥಾನ. 1921ರಲ್ಲಿ ಅಲ್ಲಿ ಮುಷ್ಕರ ಆರು ತಿಂಗಳು ಎಳೀತು, ಪೊಲೀಸರ ಗುಂಡಿಗೆ ಜನ ಸತ್ತರು. ಅದೇ ಕಂಪನಿಯ ಬೆಂಗಳೂರು ಮಿಲ್ಲಿನವರು ಮೈಸೂರು ಸಂಸ್ಥಾನದ ಪ್ರಜೆಗಳು. ಇಲ್ಲಿ ಸಂಘ ಕಟ್ಟೋಕೆ ಕಾನೂನಿನ ಹಕ್ಕು ಸಿಕ್ಕಿದ್ದು 1940ರ ದಶಕದ ಶುರುವಿನಲ್ಲಿ. ‘ಮಾದರಿ ಸಂಸ್ಥಾನ’ ಅಂತ ನಾವು ಹೆಮ್ಮೆಯಿಂದ ಹೇಳ್ಕೊಳ್ಳೋವಾಗ ಈ ಇಪ್ಪತ್ತು ವರ್ಷದ ಅಂತರ ನೆನಪಿರಲಿ. ಈ ವಿಷಯದಲ್ಲಿ ಆಸಕ್ತಿ ಇದ್ದವರು ಜಾನಕಿ ನಾಯರ್ ಅವರ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ (1998) ಹುಡುಕಿ ಓದಿ. ಕೋಲಾರದ ಗಣಿ, ಬೆಂಗಳೂರಿನ ಮಿಲ್ಲು ಎರಡರ ಕಾರ್ಮಿಕರ ಬಗ್ಗೆ ಅಷ್ಟು ಆಳವಾಗಿ ಬರೆದ ಪುಸ್ತಕ ನಾನಂತೂ ಬೇರೆ ನೋಡಿಲ್ಲ.

ಒಂದು ಶನಿವಾರ ದೊಡ್ಡಮ್ಮನ್ನ ಕರ್ಕೊಂಡು ಹೊರಟೆ. ಜಯನಗರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ಮಾಗಡಿ ರಸ್ತೆ ಸ್ಟೇಷನ್‌ನಲ್ಲಿ ಇಳಿದು ಆಟೋ. ಕಳೆದ ಶತಮಾನ ಮುಗಿದು ಈ ಶತಮಾನ ಶುರುವಾಗೋ ಹೊತ್ತಿಗೆ ಮಿಲ್ಲಿನ ಉಸಿರು ನಿಂತಿತ್ತು. ಜಾಗ ಅಪಾರ್ಟ್‌ಮೆಂಟು, ಮಾಲು ಆಯ್ತು. ಬಿನ್ನಿಪೇಟೆ, ಬಿನ್ನಿ ಮಿಲ್ ರಸ್ತೆ ಅಂತ ಹೆಸರು ಮಾತ್ರ ಗಟ್ಟಿಯಾಗಿವೆ. ದೊಡ್ಡಮ್ಮ ಎತ್ತರದ ಕಟ್ಟಡಗಳನ್ನ ಒಂದು ಸುತ್ತು ನೋಡಿ, “ಇಲ್ಲಿ ಸೈರನ್ ಕೂಗಿದ್ರೆ ಎಷ್ಟು ಮನೇಲಿ ಅಡುಗೆ ಆಗ್ತಿತ್ತೋ” ಅಂದರು. ಒಳಗೆ ಮಾಲ್‌ನಲ್ಲಿ ಕಾಫಿ ಕುಡಿದ್ವಿ. ಬೆಲೆ ಹೇಳೋದು ಬೇಡ.

ವಾಪಸ್ ಬರ್ತಾ, ಈ ಕಡ್ಡಿ ಹೆಣಿಗೆ ನಿಮಗೆ ಯಾರು ಕಲಿಸಿದ್ದು ಅಂತ ಕೇಳಿದೆ. ಅವರ ಅಮ್ಮ. ಅವರಮ್ಮ ಕಲಿತದ್ದು ಕಾನ್ವೆಂಟಿನಲ್ಲಿ. ಬಹುಪಾಲು ಮನೆಗಳಲ್ಲಿ ಹೀಗೇ ಇರಬೇಕು. ನಮ್ಮದು ನೇಯ್ಗೆಯ ನಾಡು. ಎರಡು ಕಡ್ಡಿಯ ಹೆಣಿಗೆ ಮಿಷನರಿ ಶಾಲೆಗಳ, ದಂಡು ಪ್ರದೇಶದ ದೊರೆಸಾನಿಗಳ ಮೂಲಕ ಬಂದು ಮನೆ ಸೇರಿದ್ದು. ಅದಕ್ಕೆ ಜಾತಿ ಇಲ್ಲ, ಕುಲಕಸುಬಿನ ಹಂಗಿಲ್ಲ. ಆ ಕಾರಣಕ್ಕೇ ಅದು ‘ಕಸುಬು’ ಅಂತಲೂ ಅನ್ನಿಸಿಕೊಳ್ಳಲಿಲ್ಲ, ‘ಹವ್ಯಾಸ’ ಆಯ್ತು. 1962ರ ಚೀನಾ ಯುದ್ಧದಲ್ಲಿ ನಮ್ಮ ಜವಾನರು ಹಿಮದಲ್ಲಿ ಬೆಚ್ಚನೆ ಬಟ್ಟೆ ಇಲ್ಲದೆ ನಿಂತಾಗ ದೇಶದ ತುಂಬ ಹೆಂಗಸರು ಸ್ವೆಟರು, ಮಫ್ಲರು, ಕಾಲುಚೀಲ ಹೆಣೆದು ಕಳಿಸಿದರು. ದೊಡ್ಡಮ್ಮನ ಅಮ್ಮ ಕೂಡ ನಾಲ್ಕು ಸ್ವೆಟರ್ ಕಳಿಸಿದ್ದರಂತೆ. ಅದಕ್ಕೆ ಯಾವ ಪ್ರಮಾಣಪತ್ರವೂ ಇಲ್ಲ. ಅವು ಯಾರ ಮೈ ಸೇರಿದವೋ.

ಇನ್ನು ಕಂಬಳಿ. ಮೊದಲು ಮಿಲ್ಲಿನ ಕಂಬಳಿ ಬಂತು. ಆಮೇಲೆ ಪಾಣಿಪತ್‌ನಲ್ಲಿ ಹಳೇ ಉಣ್ಣೆ ಬಟ್ಟೆ ಹರಿದು ಮತ್ತೆ ನೂಲು ಮಾಡಿ ನೇಯೋ ಅಗ್ಗದ ಹೊದಿಕೆ ಬಂತು. ನೆರೆ, ಭೂಕಂಪ ಅಂದ ತಕ್ಷಣ ಲಾರಿಯಲ್ಲಿ ಬರ್ತಿದ್ದ ಬೂದು ಬಣ್ಣದವು ಅವೇ. ಆಮೇಲೆ ಪಾಲಿಯೆಸ್ಟರ್. ಕರಿ ಕಂಬಳಿ ಉಳಿದಿರೋದು ಕುರಿಗಾಹಿಗಳ ಹೆಗಲ ಮೇಲೆ, ಮೈಲಾರಲಿಂಗನ ಗೊರವಪ್ಪಗಳ ಮೈ ಮೇಲೆ, ಮದುವೆ-ದೇವರ ಕಾರ್ಯದ ಕಂಬಳಿ ಗದ್ದಿಗೆಯಲ್ಲಿ. ಇನ್ನೊಂದು ಮರೆತೆ, ರಾಜಕೀಯ ವೇದಿಕೆಯಲ್ಲಿ! ನಾಯಕರಿಗೆ ಕಂಬಳಿ ಹೊದಿಸಿ ಸನ್ಮಾನ ಮಾಡೋದು ನಾವೆಲ್ಲ ಟೀವಿಯಲ್ಲಿ ನೋಡಿರೋದೇ. ಬೇರೆಯವರಿಗೆ ಗೌರವ ತೋರಿಸೋ ವಸ್ತು ಅದು. ಅದನ್ನ ನೂಲಿದವರ ಹೆಸರು ಯಾವ ನಿರೂಪಕನ ಬಾಯಲ್ಲೂ ಬರಲ್ಲ.

ಕೊನೆಗೆ ಚಳ್ಳಕೆರೆ. ಕಂಬಳಿಗೆ ಹೆಸರಾದ ತಾಲ್ಲೂಕು. ಅಲ್ಲಿನ ಕುರಿ ಮೇಯ್ತಾ ಇದ್ದದ್ದು ಅಮೃತಮಹಲ್ ಕಾವಲಿನಲ್ಲಿ, ಅಂದ್ರೆ ಮೈಸೂರು ಅರಸರ ಕಾಲದಿಂದ ದನಗಳಿಗೆ ಅಂತ ಬಿಟ್ಟಿದ್ದ ಹುಲ್ಲುಗಾವಲಿನಲ್ಲಿ. 2000ದ ದಶಕದ ಕೊನೆಯಿಂದ ಇದರಲ್ಲಿ ಸುಮಾರು ಹತ್ತು ಸಾವಿರ ಎಕರೆ ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಹೋಯ್ತು. ಡಿಆರ್‌ಡಿಓಗೆ 4,290 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಹಾಗೇ ಬಾರ್ಕ್, ಇಸ್ರೋ. ಸುತ್ತ ಗೋಡೆ ಎದ್ದಿತು. ದೊಡ್ಡಉಳ್ಳಾರ್ತಿ ಸುತ್ತಿನ ಹಳ್ಳಿಯವರು ಪ್ರತಿಭಟಿಸಿದರು. ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ವಿಷಯವನ್ನ ಚೆನ್ನೈನ ಹಸಿರು ನ್ಯಾಯಮಂಡಳಿಗೆ ಒಯ್ದಿತು. 2014ರಲ್ಲಿ ತೀರ್ಪು ಬಂತು, ಯೋಜನೆಗಳು ನಿಲ್ಲಲಿಲ್ಲ. 2017ರ ಮೇ 28ರಂದು ಡಿಆರ್‌ಡಿಓ ವಿಮಾನ ಪರೀಕ್ಷಾ ನೆಲೆ ಉದ್ಘಾಟನೆಯಾಯ್ತು. ಡ್ರೋನ್ ಬೇಡ ಅಂತ ಹೇಳೋ ಅರ್ಹತೆ ಇಂಜಿನಿಯರಿಂಗ್ ಓದಿದ ನನಗಂತೂ ಇಲ್ಲ. ಆದರೆ ಆ ಹುಲ್ಲನ್ನ ‘ಖಾಲಿ ಜಾಗ’ ಅಂತ ಬರೆದುಕೊಂಡದ್ದು ತಪ್ಪು. ಅಲ್ಲಿ ಒಂದು ಕಸುಬಿನ ಕಚ್ಚಾವಸ್ತು ಬೆಳೀತಿತ್ತು.

ಈಗ ದಖನಿ ಉಣ್ಣೆಗೆ ಗಿರಾಕಿ ಸಿಗೋದೇ ಕಷ್ಟ. ಮಾಂಸಕ್ಕೆ ಬೆಲೆ ಇರೋದರಿಂದ ಕುರಿಗಾಹಿಗಳು ಉಣ್ಣೆ ಇಲ್ಲದ ತಳಿಗಳ ಕಡೆ ವಾಲಿದಾರೆ. ದಖನಿ ಕುರಿ ಉಳಿಸ್ಕೊಂಡವರಿಗೂ ಉಣ್ಣೆ ಕತ್ತರಿಸಲೇಬೇಕು, ಇಲ್ಲದಿದ್ರೆ ಕುರಿ ಮೈಗೆ ಹುಳ ಬೀಳತ್ತೆ. ಕತ್ತರಿಸೋನಿಗೆ ಕೈಯಿಂದ ಕೂಲಿ ಕೊಟ್ಟು, ಕತ್ತರಿಸಿದ ಉಣ್ಣೆಯನ್ನ ಎಷ್ಟೋ ಕಡೆ ಹೊಲದಲ್ಲೇ ಬಿಟ್ಟು ಹೋಗ್ತಾರೆ.

ನಿಮ್ಮ ಮನೆ ಅಟ್ಟದ ಮೇಲೆ ಹಳೇ ಬಿನ್ನಿ ಕಂಬಳಿ ಇದ್ರೆ ಅಂಚಿಗೆ ಹೊಲಿದ ಚೀಟಿಯ ಫೋಟೋ ತೆಗೆದು ಹಾಕ್ತೀರಾ? ಮಿಲ್ಲಿನಲ್ಲಿ ಕೆಲಸ ಮಾಡಿದ ತಾತ, ಅಜ್ಜಿ ಯಾರಾದ್ರೂ ಇದ್ರೆ ಅವರು ಯಾವ ಖಾತೆಯಲ್ಲಿದ್ರು, ನೂಲಿನದೋ, ತೊಳೆಯೋದೋ, ಬಣ್ಣದ್ದೋ, ಅದನ್ನೂ ಕೇಳಿ ಬರೀರಿ.