ಸತ್ತವರು ಯಾಕೆ ಕಾಯಬೇಕು? ಟೀಮ್ ಶೂಟರ್ ಗೇಮ್‌ಗಳ ನಿಯಮಗಳು ಹುಟ್ಟಿದ ಕಥೆ

"ಟೀಮ್ ಶೂಟರ್ ಗೇಮ್ ಹೊಸದಾಗಿ ಶುರು ಮಾಡಿದೀನಿ, ಟಿಪ್ಸ್ ಹೇಳಿ" ಅಂತ ಕೇಳಿದ್ರೆ ಸಾಮಾನ್ಯವಾಗಿ ಸಿಗೋ ಉತ್ತರ ಒಂದೇ: ಗುರಿ ಸುಧಾರಿಸಿಕೋ, ಒಳ್ಳೇ ಮೌಸ್ ತಗೋ. ನನ್ನ ಪ್ರಕಾರ ಅದು ಆಮೇಲಿನ ಮಾತು. ಹೊಸಬರು ಆಟ ಬಿಟ್ಟು ಹೋಗೋದು ಗುರಿ ತಪ್ಪಿದ್ದಕ್ಕಲ್ಲ. ಮೊದಲ ದಿನವೇ ಹೆಡ್‌ಫೋನ್‌ನಲ್ಲಿ ನಾಲ್ಕು ಜನ ಅಪರಿಚಿತರು ಬೈದಿದ್ದಕ್ಕೆ ಹೋಗ್ತಾರೆ. ಯಾಕೆ ಬೈದ್ರು ಅಂತಾನೂ ಪಾಪ ಅವರಿಗೆ ಗೊತ್ತಾಗಿರಲ್ಲ. ಯಾವುದೋ ನಿಯಮ ಮುರಿದಿರ್ತಾರೆ, ಆದ್ರೆ ಆ ನಿಯಮ ಎಲ್ಲೂ ಬರೆದಿಟ್ಟಿಲ್ಲ. ಅದು ಎಲ್ಲಿಂದ ಬಂತು ಅಂತ ತಿಳಿಯೋಕೆ ಸುಮಾರು ಮೂವತ್ತು ವರ್ಷ ಹಿಂದೆ ಹೋಗಬೇಕು.

1993ರ ಡಿಸೆಂಬರ್ 10ರಂದು ಅಮೆರಿಕದ ಇಡ್ ಸಾಫ್ಟ್‌ವೇರ್ ಕಂಪನಿ 'ಡೂಮ್' ಬಿಡುಗಡೆ ಮಾಡಿತು. ನೆಟ್‌ವರ್ಕ್‌ನಲ್ಲಿ ನಾಲ್ಕು ಜನ ಒಟ್ಟಿಗೆ ಆಡಬಹುದಿತ್ತು. ಒಬ್ಬರನ್ನೊಬ್ಬರು ಹೊಡೆಯೋ ಈ ಆಟಕ್ಕೆ ಜಾನ್ ರೊಮೆರೊ ಇಟ್ಟ ಹೆಸರು 'ಡೆತ್‌ಮ್ಯಾಚ್'. ಅಲ್ಲಿ ಸತ್ತರೆ ಏನಾಗುತ್ತೆ? ಎದುರಾಳಿಗೆ ಒಂದು ಅಂಕ, ಅಷ್ಟೇ. ಒಂದು ಬಟನ್ ಒತ್ತಿದ್ರೆ ಮರುಕ್ಷಣವೇ ಮರುಹುಟ್ಟು. ಹಾಗಾಗಿ ಓಡು, ಹೊಡಿ, ಸಾಯಿ, ಮತ್ತೆ ಓಡು. ಇವತ್ತು ಹೊಸದಾಗಿ ಬರೋರೆಲ್ಲ ಗೊತ್ತಿಲ್ಲದೇನೇ ಆಡೋದು ಈ ಡೂಮ್ ಆಟವನ್ನೇ. ತೊಂದರೆ ಏನಪ್ಪಾ ಅಂದ್ರೆ, ಅವರು ಕೂತಿರೋ ಆಟ ಅದಲ್ಲ.

1996ರಲ್ಲಿ ಅದೇ ಕಂಪನಿಯ 'ಕ್ವೇಕ್' ಬಂತು. ಅದನ್ನ ಆಟಗಾರರೇ ಬಿಚ್ಚಿ, ತಮಗೆ ಬೇಕಾದ ಹಾಗೆ ಬದಲಾಯಿಸಬಹುದಿತ್ತು. ಆ ವರ್ಷವೇ ಆಸ್ಟ್ರೇಲಿಯಾದ ರಾಬಿನ್ ವಾಕರ್, ಜಾನ್ ಕುಕ್, ಇಯಾನ್ ಕಾಘ್ಲಿ ಅನ್ನೋ ಮೂರು ಜನ ಅದರಲ್ಲಿ 'ಟೀಮ್ ಫೋರ್ಟ್ರೆಸ್' ಕಟ್ಟಿದರು. ಇವರು ಮಾಡಿದ ದೊಡ್ಡ ಕೆಲಸ ಅಂದ್ರೆ, ಎಲ್ಲರೂ ಒಂದೇ ಥರ ಇರಬಾರದು ಅಂತ ತೀರ್ಮಾನ ಮಾಡಿದ್ದು. ಒಬ್ಬ ವೇಗವಾಗಿ ಓಡ್ತಾನೆ, ಆದ್ರೆ ಬೇಗ ಸಾಯ್ತಾನೆ. ಒಬ್ಬ ದಢೂತಿ, ನಿಧಾನ, ಕೈಯಲ್ಲಿ ದೊಡ್ಡ ಮೆಷಿನ್ ಗನ್. ಇನ್ನೊಬ್ಬ ಮೆಡಿಕ್, ಗಾಯ ವಾಸಿ ಮಾಡೋನು. ಶೂಟರ್ ಗೇಮ್‌ನಲ್ಲಿ ಗುಂಡು ಹೊಡೆಯೋದಕ್ಕಿಂತ ಬೇರೆ ಕೆಲಸಕ್ಕೂ ಮರ್ಯಾದೆ ಬಂದಿದ್ದು ಇಲ್ಲಿ. ಈ ತಂಡವನ್ನ ಆಮೇಲೆ ವಾಲ್ವ್ ಕಂಪನಿ ಕರೆಸಿಕೊಂಡಿತು. 2007ರ 'ಟೀಮ್ ಫೋರ್ಟ್ರೆಸ್ 2'ನಲ್ಲಿ ಮೆಡಿಕ್ ಇನ್ನೊಬ್ಬನನ್ನ ವಾಸಿ ಮಾಡ್ತಾ ಮಾಡ್ತಾ ಒಂದು ಶಕ್ತಿ ತುಂಬಿಕೊಳ್ಳುತ್ತೆ. ಅದನ್ನ ಬಿಟ್ಟರೆ ಎಂಟು ಸೆಕೆಂಡ್ ಇಬ್ಬರಿಗೂ ಏನೂ ಆಗಲ್ಲ. ಆ ಎಂಟು ಸೆಕೆಂಡ್‌ಗೋಸ್ಕರ ಇಡೀ ತಂಡ ಕಾಯ್ತಾ ಇರುತ್ತೆ. ಹಿಂದೆ ಮೆಡಿಕ್ ಇದಾನೆ ಅಂತ ಗೊತ್ತಿದ್ದೂ ನೀವು ಅವನನ್ನ ಬಿಟ್ಟು ಮುಂದೆ ಓಡಿದ್ರೆ ಬೈಗುಳ ಖಂಡಿತ. 'ಓವರ್‌ವಾಚ್'ಗೂ ಇದೇ ಮಾತು. ಯಾವ ಪಾತ್ರ ಇಷ್ಟ ಅಂತ ಆರಿಸೋ ಮುಂಚೆ ತಂಡದಲ್ಲಿ ಯಾವುದು ಇಲ್ಲ ಅಂತ ನೋಡಿ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. 1999ರ ಜೂನ್‌ನಲ್ಲಿ ಕೆನಡಾದ ವಿದ್ಯಾರ್ಥಿ ಮಿನ್ ಲೀ ಮತ್ತು ಅಮೆರಿಕದ ಜೆಸ್ ಕ್ಲಿಫ್ ಸೇರಿ 'ಹಾಫ್-ಲೈಫ್' ಮೇಲೆ ಕಟ್ಟಿದ ಆಟ 'ಕೌಂಟರ್-ಸ್ಟ್ರೈಕ್'. ಮುಂದಿನ ವರ್ಷ ವಾಲ್ವ್ ಅದನ್ನೂ ಕೊಂಡುಕೊಂಡಿತು. ನಮ್ಮಲ್ಲಿ ಪುಣೆ, ಹೈದರಾಬಾದ್, ಬೆಂಗಳೂರಿನ ಸೈಬರ್ ಕೆಫೆಗಳಲ್ಲಿ ಒಂದು ತಲೆಮಾರು ಬೆಳೆದಿದ್ದೇ ಇದರ 1.6 ಆವೃತ್ತಿ ಆಡ್ತಾ.

ಇಲ್ಲಿ ಸತ್ತರೆ ಮರುಹುಟ್ಟು ಇಲ್ಲ, ರೌಂಡ್ ಮುಗಿಯೋವರೆಗೆ ಕಾಯಬೇಕು. ಕೇಳೋಕೆ ಸಣ್ಣ ಬದಲಾವಣೆ, ಆದ್ರೆ ಇಡೀ ಆಟದ ಸ್ವಭಾವವೇ ತಿರುಗಿಹೋಯ್ತು. ಡೂಮ್‌ನಲ್ಲಿ ನಿಮ್ಮ ಸಾವು ನಿಮ್ಮದು. ಇಲ್ಲಿ ನೀವು ಸತ್ತರೆ ಉಳಿದ ನಾಲ್ಕು ಜನ ಐದು ಜನರ ಎದುರು ನಿಲ್ಲಬೇಕು. "ಒಬ್ಬನೇ ನುಗ್ಗಬೇಡ" ಅನ್ನೋ ಹಳೇ ಟಿಪ್ ಹುಟ್ಟಿದ್ದು ಇದರಿಂದ. ಇಬ್ಬರು ಜೊತೆಗೆ ಹೋಗಿ ಅಂತಾರಲ್ಲ, ಅದರ ಲೆಕ್ಕವೂ ಇದೇ. ಮೊದಲನೆಯವರು ಬಿದ್ದರೂ ಹೊಡೆದವನನ್ನ ಎರಡನೆಯವರು ತಕ್ಷಣ ಹೊಡೀತಾರೆ, ಸಂಖ್ಯೆ ಸಮ ಆಗುತ್ತೆ. ತುಂಬಾ ಹಿಂದೆ ನಿಂತರೆ ಈ ಲೆಕ್ಕ ಕೂಡಲ್ಲ.

ಎರಡನೇ ಬದಲಾವಣೆ ದುಡ್ಡು. ಬಂದೂಕು ನೆಲದ ಮೇಲೆ ಬಿದ್ದಿರಲ್ಲ, ಪ್ರತಿ ರೌಂಡ್ ಶುರುವಿನಲ್ಲಿ ಕೊಂಡುಕೊಳ್ಳಬೇಕು. ಆರಂಭಕ್ಕೆ ಸಿಗೋದು 800 ಡಾಲರ್. ಈಗಿನ ಲೆಕ್ಕದಲ್ಲಿ ಮೊದಲ ರೌಂಡ್ ಸೋತರೆ 1900, ಎರಡನೆಯದನ್ನೂ ಸೋತರೆ 2400. ಎಕೆ-47ಗೆ 2700, ಕವಚ ಮತ್ತು ಹೆಲ್ಮೆಟ್‌ಗೆ 1000. ಕೂಡಿಸಿ ನೋಡಿ. ಎರಡನೇ ರೌಂಡ್‌ನಲ್ಲಿ ಏನೂ ಕೊಳ್ಳದೆ ಕೈ ಬಿಗಿಹಿಡಿದ್ರೆ ಮೂರನೆಯದಕ್ಕೆ 4300 ಇರುತ್ತೆ, ಐದೂ ಜನಕ್ಕೆ ಪೂರ್ತಿ ಸಾಮಾನು ಬರುತ್ತೆ. ನಾಲ್ಕು ಜನ ಉಳಿಸ್ತಾ ಇರೋವಾಗ ನೀವೊಬ್ಬರೇ ಇದ್ದಿದ್ದನ್ನೆಲ್ಲ ಖರ್ಚು ಮಾಡಿದ್ರೆ? ಈ ರೌಂಡ್ ಹೇಗೂ ಸೋಲ್ತೀರಿ, ಮುಂದಿನದರಲ್ಲಿ ನಾಲ್ಕು ರೈಫಲ್ ಜೊತೆ ಒಂದು ಪಿಸ್ತೂಲು. ಕೂಡುಕುಟುಂಬದಲ್ಲಿ ಒಬ್ಬ ಹೇಳದೆ ಕೇಳದೆ ಬೈಕ್ ತಗೊಂಡು ಬಂದ ಹಾಗೆ. "ಸೇವ್, ಸೇವ್" ಅಂತ ಕಿರುಚೋರಿಗೆ ಕಾರಣ ವಿವರಿಸೋ ತಾಳ್ಮೆ ಇರಲ್ಲ, ಹಾಗಾಗಿ ನಾನು ಹೇಳ್ತಾ ಇದೀನಿ. 2020ರ 'ವಾಲರಂಟ್' ಕೂಡ ಈ ದುಡ್ಡಿನ ಪದ್ಧತಿಯನ್ನೇ ತಗೊಂಡಿದೆ.

ಬಾಂಬ್ ಇಡೋ ಆಟ ಮೊದಲು ಇರಲಿಲ್ಲ, ಒತ್ತೆಯಾಳುಗಳನ್ನ ಬಿಡಿಸೋದಷ್ಟೇ ಇತ್ತು. ಬಾಂಬ್ ಬಂದಿದ್ದು 1999ರ ಕೊನೆಗೆ. ಅದನ್ನ ನಿಷ್ಕ್ರಿಯಗೊಳಿಸೋಕೆ ಹತ್ತು ಸೆಕೆಂಡ್, ಕಿಟ್ ಇದ್ದರೆ ಐದು. ಅಂದ್ರೆ ಬಾಂಬ್ ಇಟ್ಟ ತಕ್ಷಣ ಗಡಿಯಾರ ನಿಮ್ಮ ಕಡೆ ಸೇರಿತು, ಇನ್ನು ಎದುರಾಳಿಗಳೇ ನಿಮ್ಮನ್ನ ಹುಡುಕಿಕೊಂಡು ಬರಬೇಕು. ಆದರೂ ಹೊಸಬರು ಇನ್ನೊಂದು ತಲೆ ಎಣಿಸೋ ಆಸೆಗೆ ಹುಡುಕಿಕೊಂಡು ಹೋಗ್ತಾರೆ. ಕೂತ್ಕೊಳ್ಳಿ ಸ್ವಾಮಿ, ಕಾಯಿರಿ.

ಬಾಂಬ್ ಜೊತೆಗೇ ಬಂದ ಮ್ಯಾಪ್ 'ಡಸ್ಟ್'. ಅದನ್ನ ಮಾಡಿದ್ದು ಡೇವ್ ಜಾನ್ಸ್ಟನ್ ಅನ್ನೋ ಹದಿಹರೆಯದ ಬ್ರಿಟಿಷ್ ಹುಡುಗ. ತಮಾಷೆ ನೋಡಿ, ಆ ಮರಳು ಬಣ್ಣದ ಗೋಡೆಗಳಿಗೆ ಅವನಿಗೆ ಸ್ಫೂರ್ತಿ ಸಿಕ್ಕಿದ್ದು ಆಗಿನ್ನೂ ತಯಾರಾಗ್ತಿದ್ದ 'ಟೀಮ್ ಫೋರ್ಟ್ರೆಸ್ 2'ರ ಚಿತ್ರಗಳಿಂದ. 2001ರಲ್ಲಿ 'ಡಸ್ಟ್ 2' ಬಂತು. ಅದರ ಮೂಲೆಮೂಲೆಗೂ ಒಂದೊಂದು ಹೆಸರು: ಲಾಂಗ್, ಮಿಡ್, ಕ್ಯಾಟ್‌ವಾಕ್, ಟನಲ್. ನಮ್ಮ ಹಳ್ಳಿಗಳಲ್ಲಿ ಹೊಲಕ್ಕೆ ಹೊಲಕ್ಕೂ ಹೆಸರಿರಲ್ವಾ, ಹಾಗೆ.

ಹೊರನಾಡಿನ ಕನ್ನಡದ ಮಕ್ಕಳಿಗೆ ಇದು ಬಹಳ ಮುಖ್ಯ ಅಂತ ನನಗನ್ಸುತ್ತೆ. ದೆಹಲಿಯ ತಂಡದಲ್ಲಿ ಹಿಂದಿ, ಚೆನ್ನೈನಲ್ಲಿ ತಮಿಳು, ಭಾಷೆ ಸರಾಗ ಇಲ್ಲ ಅಂತ ಎಷ್ಟೋ ಜನ ಮೈಕ್ ಆಫ್ ಮಾಡಿ ಕೂತಿರ್ತಾರೆ. ಬೇಡ. ಜಾಗದ ಹೆಸರು ಎಲ್ಲರಿಗೂ ಒಂದೇ. "ಲಾಂಗ್, ಟೂ" ಅಂದ್ರೆ ಸಾಕು, ಲಾಂಗ್‌ನಲ್ಲಿ ಇಬ್ಬರಿದ್ದಾರೆ ಅಂತ ಯಾವ ಊರಿನವರಿಗೂ ಅರ್ಥ ಆಗುತ್ತೆ. ಜಾಗ ಮೊದಲು, ಸಂಖ್ಯೆ ಆಮೇಲೆ, ಅಲ್ಲಿಗೆ ನಿಲ್ಲಿಸಿ. ಹೇಗೆ ಸತ್ತೆ ಅನ್ನೋ ಪುರಾಣ ಆ ಹೊತ್ತಲ್ಲಿ ಯಾರಿಗೂ ಬೇಡ, ಜೀವಂತ ಇರೋರಿಗೆ ಹೆಜ್ಜೆ ಸಪ್ಪಳ ಕೇಳಬೇಕು.

ಮಾತು ಮುಗಿಸಿದ ಮೇಲೆ ಆ ಕಾಯೋ ಹೊತ್ತಲ್ಲಿ ಫೋನ್ ತೆಗೀಬೇಡಿ. ಸತ್ತವರ ಪರದೆಯಲ್ಲಿ ಬದುಕಿರೋ ಜೊತೆಗಾರರ ಕಣ್ಣಿನ ನೋಟವೇ ಕಾಣುತ್ತೆ. ಅವರು ಯಾವ ಮೂಲೆ ಮೊದಲು ನೋಡ್ತಾರೆ, ಗ್ರೆನೇಡ್ ಯಾವಾಗ ಎಸೀತಾರೆ, ಯಾವಾಗ ಓಡದೆ ನಡೀತಾರೆ, ಎಲ್ಲ ಅಲ್ಲೇ ಇದೆ. ಕೆಫೆ ಕಾಲದಲ್ಲಿ ದುಡ್ಡಿಲ್ಲದ ಹುಡುಗರು ಚೆನ್ನಾಗಿ ಆಡೋರ ಕುರ್ಚಿ ಹಿಂದೆ ನಿಂತು ಕಲೀತಿದ್ದರು. ಈಗ ಆ ಕುರ್ಚಿ ಹಿಂದಿನ ಜಾಗವನ್ನ ಆಟವೇ ನಿಮಗೆ ಪುಕ್ಕಟೆ ಕೊಡ್ತಾ ಇದೆ. ಪಬ್‌ಜಿ, ಬಿಜಿಎಂಐ ಥರದ ಬ್ಯಾಟಲ್ ರಾಯಲ್ ಆಟಗಳ ವಂಶವೃಕ್ಷ ಬೇರೆ, ಅದನ್ನ ಇನ್ನೊಂದು ದಿನ ಹೇಳ್ತೀನಿ.