ಸಮಾನನಾಮಗಳೂ ವಂಶನಿರ್ಣಯವೂ: ಕಾರ್ಕಳದ ಎರಡು ಶಾಸನಗಳ ಸಾಕ್ಷ್ಯ

ಪೂರ್ವಜರನ್ನು ಗುರುತಿಸುವ ಕಾರ್ಯದಲ್ಲಿ ದಾಖಲೆಗಳ ಅಭಾವಕ್ಕಿಂತಲೂ ಹೆಸರುಗಳ ಸಮಾನತೆಯೇ ಹೆಚ್ಚಿನ ತೊಡಕನ್ನು ಒಡ್ಡುತ್ತದೆ. ಇಂಗ್ಲೆಂಡಿನ ಚರ್ಚುಗಳಲ್ಲಿ ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂಬ ನಿಯಮ 1538ರಲ್ಲಿಯೇ ಆದುದರಿಂದ, ಅಲ್ಲಿನ ಸಾಮಾನ್ಯ ಮನೆತನಗಳ ವಂಶಾವಳಿಯನ್ನೂ ಒಂದು ಮಟ್ಟಿಗೆ ಹೊಂದಿಸಬಹುದು. ನಮ್ಮ ಶ್ರಾವಕರಿಗೆ ಅಂತಹ ಪುಸ್ತಕಗಳಿಲ್ಲ. 1871ರಿಂದ ಮೊದಲುಗೊಂಡ ಜನಗಣತಿಯ ವರದಿಗಳಲ್ಲಿ ಜೈನರ ಸಂಖ್ಯೆ ದೊರೆಯುತ್ತದೆಯೇ ಹೊರತು ಮನೆಮನೆಯ ಹೆಸರುಗಳು ದೊರೆಯುವುದಿಲ್ಲ. ಶಿಲಾಶಾಸನಗಳು ಮತ್ತು ಓಲೆಗ್ರಂಥಗಳ ಅಂತ್ಯಪ್ರಶಸ್ತಿಗಳೇ ನಮಗೆ ಮುಖ್ಯ ಆಧಾರ.

ಕುಲನಾಮಗಳಿಂದಲೂ ಹೆಚ್ಚಿನ ನೆರವಿಲ್ಲ. ಹೆಗ್ಗಡೆ ಎಂಬುದು ಮೂಲತಃ ಅಧಿಕಾರಸೂಚಕ. ಶೆಟ್ಟಿ ಎಂಬುದು ಶ್ರೇಷ್ಠಿ ಶಬ್ದದ ತದ್ಭವ. ತುಳುನಾಡಿನಲ್ಲಿ ಇವು ಜೈನರಲ್ಲಿರುವಂತೆ ಬಂಟರಲ್ಲಿಯೂ ಇವೆ. ಹೆಸರೊಂದಾದ ಮಾತ್ರಕ್ಕೆ ಬಳಿ ಒಂದೆಂದು ಹೇಳಲಾಗದು.

ಗುರುಪರಂಪರೆಯಲ್ಲಿಯೂ ಇದೇ ಸಮಸ್ಯೆ ಇದೆ. ಕಾರ್ಕಳದ ಗೊಮ್ಮಟಮೂರ್ತಿಯನ್ನು ವೀರಪಾಂಡ್ಯನು ಶಕ 1353, ವಿರೋಧಿಕೃತ್ ಸಂವತ್ಸರದ ಫಾಲ್ಗುಣ ಶುದ್ಧ ದ್ವಾದಶಿ, ಎಂದರೆ 1432ರ ಫೆಬ್ರವರಿ 13, ಬುಧವಾರ ಪ್ರತಿಷ್ಠಾಪಿಸಿದನು. ಅವನಿಗೆ ಉಪದೇಶವಿತ್ತವರು ದೇಶೀಗಣದ ಪನಸೋಗೆಯ ಪರಂಪರೆಗೆ ಸೇರಿದ ಲಲಿತಕೀರ್ತಿಗಳು. ಅದೇ ಊರಿನ ಚತುರ್ಮುಖ ಬಸದಿಯನ್ನು ಇಮ್ಮಡಿ ಭೈರರಸನು ಶಕ 1508, ವ್ಯಯ ಸಂವತ್ಸರದಲ್ಲಿ, ಎಂದರೆ 1586ರಲ್ಲಿ ಕಟ್ಟಿಸಿದನು. ಅಲ್ಲಿಯೂ ಗುರುಗಳ ಹೆಸರು ಲಲಿತಕೀರ್ತಿ. ಗಣವೂ ಪರಂಪರೆಯೂ ಅವೇ. ನಡುವಣ ಅಂತರ 154 ವರ್ಷ. ಇವರು ಒಬ್ಬರಾಗಿರುವುದು ಅಸಂಭವ. ಲಲಿತಕೀರ್ತಿ ಎಂಬುದು ಪೀಠದೊಡನೆ ಸಾಗಿಬಂದ ಪಟ್ಟದ ಹೆಸರು. ಕಾರ್ಕಳದ ಭಟ್ಟಾರಕರಿಗೆ ಇಂದಿಗೂ ಅದೇ ಹೆಸರು. ಶಕವರ್ಷವಿಲ್ಲದ ಓಲೆಯೊಂದರಲ್ಲಿ ಈ ಹೆಸರು ಮಾತ್ರ ದೊರೆತರೆ ಅದರಿಂದ ಕಾಲನಿರ್ಣಯ ಸಾಧ್ಯವಿಲ್ಲ.

ಸಂವತ್ಸರವನ್ನು ಮಾತ್ರ ಹೇಳಿದ್ದರೂ ಸಂದೇಹ ತೀರದು. ವಿರೋಧಿಕೃತ್ ಸಂವತ್ಸರವು ಅರುವತ್ತು ವರ್ಷಗಳಿಗೊಮ್ಮೆ ಮರಳಿ ಶಕ 1413 ಮತ್ತು 1473ರಲ್ಲಿಯೂ ಬರುತ್ತದೆ. ತಿಥಿಯೊಡನೆ ವಾರವೂ ಇದ್ದರೆ ಗಣಿತದಿಂದ ಶೋಧಿಸಿ ನೋಡಬಹುದು.

ರಾಜವಂಶದ ವಿಷಯದಲ್ಲಿ ಈ ಎರಡು ಶಾಸನಗಳು ಮತ್ತೊಂದು ಎಚ್ಚರಿಕೆಯನ್ನು ನೀಡುತ್ತವೆ. ವೀರಪಾಂಡ್ಯನನ್ನು ಭೈರವೇಂದ್ರನ ಕುಮಾರನೆಂದು ಕರೆದಿದೆ. ಇಮ್ಮಡಿ ಭೈರರಸನಾದರೋ ಹಿಂದಿನ ಭೈರರಸನ ಮಗನಲ್ಲ. ಅವನ ತಂಗಿ ಗುಮ್ಮಟಾಂಬೆಯ ಮಗ, ಎಂದರೆ ಅಳಿಯ. ಹೆಸರಿನ ಸಾಮ್ಯವನ್ನು ಮಾತ್ರ ನೋಡಿ ತಂದೆ-ಮಕ್ಕಳ ಸಂಬಂಧವನ್ನು ಕಲ್ಪಿಸುವವರು ಇಲ್ಲಿ ನಿಶ್ಚಯವಾಗಿ ತಪ್ಪುವರು. ಅಳಿಯಸಂತಾನದ ನಾಡಿನಲ್ಲಿ ತಾಯಿಯ ಹೆಸರೇ ವಂಶಸೂತ್ರ. ಆದರೆ ಅದನ್ನೂ ಸರ್ವತ್ರ ಅನ್ವಯಿಸದೆ, ಶಾಸನದ ಶಬ್ದವನ್ನೇ ಪ್ರಮಾಣವಾಗಿ ಸ್ವೀಕರಿಸಬೇಕು.

ಓಲೆಗ್ರಂಥಗಳಲ್ಲಿ ಇನ್ನೊಂದು ಅಪಾಯವುಂಟು. ಲಿಪಿಕಾರನು ಕೆಲವೊಮ್ಮೆ ತನ್ನ ಮುಂದಿದ್ದ ಮಾತೃಕೆಯ ಪ್ರಶಸ್ತಿಯನ್ನೂ ಇದ್ದಂತೆಯೇ ನಕಲು ಮಾಡುತ್ತಾನೆ. ಆಗ ಅಲ್ಲಿ ಕಾಣುವ ದಾನಿಯೂ ಗುರುವೂ ಈಗಿನ ಪ್ರತಿಯ ಕಾಲದವರಲ್ಲ, ಮಾತೃಕೆಯ ಕಾಲದವರು. ಪ್ರಶಸ್ತಿಗಳು ಎರಡಿದ್ದರೆ ಎರಡನ್ನೂ ಬೇರೆಬೇರೆಯಾಗಿ ಪರಿಶೀಲಿಸುವುದು ಅಗತ್ಯ.

ಆದುದರಿಂದ ಗ್ರಂಥಸೂಚಿಗಳನ್ನು ಸಿದ್ಧಪಡಿಸುವ ಪಂಡಿತರು ಲಿಪಿಕಾರನ ಮತ್ತು ದಾನಿಯ ಹೆಸರುಗಳನ್ನು ಮಾತ್ರ ಆಯ್ದುಕೊಳ್ಳದೆ ಗುರು, ಗಣ, ತಾಯಿ, ಬಳಿ, ಊರು, ಬಸದಿ, ತಿಥಿ, ವಾರಗಳ ಸಹಿತ ಪ್ರಶಸ್ತಿಯನ್ನು ಸಮಗ್ರವಾಗಿ ಕೊಡುವುದು ಉಚಿತ. ಇವುಗಳಲ್ಲಿ ಮೂರು ನಾಲ್ಕು ಅಂಶಗಳಾದರೂ ಕೂಡಿಬಂದಲ್ಲಿ ಮಾತ್ರ ವ್ಯಕ್ತಿಗಳ ಐಕ್ಯವನ್ನು ಹೇಳಬಹುದು; ಇಲ್ಲವಾದಲ್ಲಿ ಸಂದೇಹವನ್ನು ಸಂದೇಹವಾಗಿಯೇ ಉಳಿಸುವುದು ಲೇಸು. ಇಬ್ಬರನ್ನು ಒಬ್ಬರೆಂದು ಎಣಿಸಿದರೆ ಪೀಳಿಗೆಯ ಲೆಕ್ಕ ತಪ್ಪುವುದಷ್ಟೇ ಅಲ್ಲ, ಶಾಸ್ತ್ರದಾನ ಮಾಡಿದ ಶ್ರಾವಕರೊಬ್ಬರ ಧರ್ಮಕಾರ್ಯವೂ ಅವರ ಹೆಸರೂ ಚರಿತ್ರೆಯಿಂದ ಅಳಿದುಹೋಗುತ್ತವೆ.