ಬೋರ್ಡಿನ ಹೆಸರು, ಬೀಗದ ಕೈ

ಜಮಖಂಡಿಯ ವಿಠ್ಠಲ ರಾಮಜಿ ಶಿಂದೆ 1906ರಲ್ಲೇ ಮುಂಬಯಿಯಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಅಸ್ಪೃಶ್ಯರ ಮಕ್ಕಳಿಗೆ ಸ್ಕೂಲು, ಹಾಸ್ಟೆಲು ನಡೆಸಿದರು. ಆ ಮನುಷ್ಯನ ದುಡಿಮೆ ಸುಳ್ಳಲ್ಲ. ಆದರೆ ಮಿಷನ್ನಿನ ಚುಕ್ಕಾಣಿ ಸವರ್ಣ ಸುಧಾರಕರ ಕೈಲೇ ಇತ್ತು. ನಮ್ಮವರು ಉದ್ಧಾರ ಮಾಡಿಸಿಕೊಳ್ಳುವವರು, ಅಷ್ಟೆ.

1924ರ ಜುಲೈ 20ರಂದು ಅಂಬೇಡ್ಕರ್ ಮುಂಬಯಿಯಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಸ್ಥಾಪಿಸಿದರು. ಅದರ ಅಧ್ಯಕ್ಷ ಯಾರು ಗೊತ್ತೆ? ಸರ್ ಚಿಮನ್‌ಲಾಲ್ ಸೆಟಲ್ವಾಡ್. ಉಪಾಧ್ಯಕ್ಷರಲ್ಲಿ ಬಿ.ಜಿ. ಖೇರ್, ಪರಾಂಜಪೆ. ಇದೇನಪ್ಪಾ, ಮತ್ತೆ ಧಣಿಗಳ ಕಾಲಿಗೇ ಬಿದ್ದಂಗಾಯ್ತಲ್ಲ ಅನ್ನಿಸಬಹುದು. ಗೆಳೆಯರೇ, ಪಟ್ಟಿಯ ಕೆಳಗೆ ನೋಡಿ. ವ್ಯವಸ್ಥಾಪಕ ಮಂಡಳಿಯ ಅಧ್ಯಕ್ಷ ಅಂಬೇಡ್ಕರ್, ಕಾರ್ಯದರ್ಶಿ ಶಿವತರ್ಕರ್, ಖಜಾಂಚಿ ಜಾಧವ್. ದೊಡ್ಡವರ ಹೆಸರು ಬೋರ್ಡಿನ ಮೇಲೆ, ಬೀಗದ ಕೈ ಕೇರಿಯವರ ಸೊಂಟದಲ್ಲಿ. ನೆರವು ಬೇಡ ಅನ್ನಲಿಲ್ಲ. ತೀರ್ಮಾನ ಮಾತ್ರ ಬಿಟ್ಟುಕೊಡಲಿಲ್ಲ. (ನಿಮ್ಮ ಸಂಘದ ರಸೀದಿ ಪುಸ್ತಕ ಯಾರ ಹತ್ತಿರ ಇದೆ ಅಂತ ಒಮ್ಮೆ ಕೇಳಿ ನೋಡಿ, ಜಗಳವೇ ಆಗ್ತದೆ.)

ಭಾಷಣಕ್ಕಿಂತ ಮೊದಲು ಅನ್ನ, ಅಕ್ಷರ. 1925ರ ಜನವರಿಯಲ್ಲಿ ಸೊಲ್ಲಾಪುರದಲ್ಲಿ ಹಾಸ್ಟೆಲು ತೆರೆದರು. ಅಲ್ಲಿನ ಹುಡುಗರು ತಾವೇ 'ಸರಸ್ವತಿ ವಿಲಾಸ' ಅನ್ನೋ ಮಾಸಿಕ ತಂದರು. ಮುಂಬಯಿಯಲ್ಲಿ ವಾಚನಾಲಯ, ಹಾಕಿ ಕ್ಲಬ್ಬು ಕೂಡ ನಡೆದವು. ಅದೇ ವರ್ಷ ನಮ್ಮ ನಿಪ್ಪಾಣಿಯಲ್ಲಿ ಪ್ರಾಂತೀಯ ಸಮ್ಮೇಳನ. ಮಹಾಡಿನ ಕೆರೆ ನೀರು ಮುಟ್ಟಿದ್ದು ಆಮೇಲೆ, 1927ರಲ್ಲಿ.

ಇನ್ನೊಂದು ವಿಷಯ ನಮ್ಮ ಮುಖಂಡರಿಗೆ ರುಚಿಸದು. 1928ರಲ್ಲಿ ಆ ಸಭೆಯನ್ನು ಕಟ್ಟಿದವರೇ ಮುಚ್ಚಿದರು. ಓದುವ ಮಕ್ಕಳ ಕೆಲಸಕ್ಕೆ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಷನ್ ಸೊಸೈಟಿ ಬಂತು. 1945ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ ಹುಟ್ಟಿತು. ಮರುವರ್ಷವೇ ಅದರ ಸಿದ್ಧಾರ್ಥ ಕಾಲೇಜು ಮುಂಬಯಿಯಲ್ಲಿ ಬಾಗಿಲು ತೆರೆಯಿತು.